ಇಳಿಯುತ್ತಿದ್ದ ದೀಪಗಳು

ಆಸ್ಪತ್ರೆಯ ತಾರಸಿಯಿಂದ ಅವಳು ತೆಗೆದ ಮೊದಲ ರಾತ್ರಿ ಚಿತ್ರವನ್ನು ಸ್ಟುಡಿಯೊ ಮಾಮ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ. ಕನ್ನಡಕವನ್ನು ಹಣೆಯ ಮೇಲೇರಿಸಿ, "ಇದೇನಮ್ಮಾ, ದೀಪಗಳಿಗೆಲ್ಲ ಚಳಿಜ್ವರ ಬಂದಂಗಿದೆ?" ಎಂದ.

"ಗಾಳಿ ಇತ್ತು ಮಾಮ."

"ಗಾಳಿ ಇದ್ರೆ ದೀಪ ಅಲ್ಲಾಡುತ್ತೆ, ಸರಿ. ಇಲ್ನೋಡು, ಕಟ್ಟಡಗಳೂ ಅಲ್ಲಾಡಿವೆ. ಕಟ್ಟಡಕ್ಕೆ ಗಾಳಿ ಏನು ಮಾಡುತ್ತೆ? ನಡುಗಿರೋದು ನಿನ್ನ ಕ್ಯಾಮೆರಾ."

ಅವಳಿಗೆ ನಾಚಿಕೆಯಾಯಿತು. ಹನ್ನೊಂದು ವರ್ಷದಿಂದ ಗಣಿ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ನಿಂತು ಬಂದವರಿಗೆಲ್ಲ ಅಲ್ಲಾಡಬೇಡಿ, ಉಸಿರು ಬಿಗಿಹಿಡಿಯಿರಿ ಎಂದು ಹೇಳುತ್ತ ಬಂದವಳು ಅವಳು. ಕ್ವಾರ್ಟರ್ಸಿನ ಅರ್ಧ ಜನರ ಎಲುಬು ಅವಳಿಗೆ ಗೊತ್ತು. ಎಲ್ಲರೂ ಅವಳನ್ನು ಎಕ್ಸ್-ರೇ ಅಕ್ಕ ಎಂದೇ ಕರೆಯುತ್ತಿದ್ದರು. ವಾರ ಬಿಟ್ಟು ವಾರ ರಾತ್ರಿ ಪಾಳಿ. ರಾತ್ರಿ ರೋಗಿಗಳು ಕಡಿಮೆ. ಕುರ್ಚಿಯಲ್ಲಿ ತೂಕಡಿಸುವ ಬದಲು ಏನಾದರೂ ಮಾಡೋಣವೆಂದು ಊರಿನಲ್ಲಿ ಫೋಟೋ ಸ್ಟುಡಿಯೊ ನಡೆಸುವ ಮಾಮನ ಹತ್ತಿರ ಅವನು ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ತೆಗೆದುಕೊಂಡಿದ್ದಳು. ರೋಗಿ ಬಂದರೆ ನರ್ಸ್ ಗಂಟೆ ಒತ್ತುತ್ತಿದ್ದಳು. ತಾರಸಿಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು.

ತಾರಸಿಯಿಂದ ಕಾಣುವುದು ಹೆಚ್ಚೇನಿಲ್ಲ. ಕೆಳಗೆ ತಗ್ಗಿನಲ್ಲಿ ಗಣಿ ಕಾರ್ಮಿಕರ ಕ್ವಾರ್ಟರ್ಸ್, ಆರು ಸಾಲು. ಅದರಾಚೆ ಡಂಪ್. ನಲವತ್ತು ವರ್ಷದಿಂದ ಗಣಿಯ ಒಡಲಿನಿಂದ ತೆಗೆದ ಮಣ್ಣು, ಕಲ್ಲು, ಬೂದಿಬಣ್ಣದ ಕೆಸರು ಎಲ್ಲವನ್ನೂ ತಂದು ಸುರಿದು ಸುರಿದು ಎದ್ದುನಿಂತ ಗುಡ್ಡ ಅದು. ಅದರ ಅಂಚಿನುದ್ದಕ್ಕೂ ಹನ್ನೊಂದು ಕಂಬ, ಹನ್ನೊಂದು ದೀಪ. ರಾತ್ರಿಯಿಡೀ ಟಿಪ್ಪರುಗಳು ಆ ದೀಪಗಳ ಸಾಲಿನ ತನಕ ಬಂದು, ಬೆನ್ನು ತಿರುಗಿಸಿ, ಮಣ್ಣು ಸುರಿದು ಹೋಗುತ್ತಿದ್ದವು. ಅವಳ ಗಂಡ ಅಂಥದ್ದೊಂದು ಟಿಪ್ಪರಿನ ಚಾಲಕ. ನಾಲ್ಕೈದು ನಿಮಿಷ ಶಟರ್ ತೆರೆದಿಟ್ಟರೆ ಟಿಪ್ಪರುಗಳ ದೀಪ ಕೆಂಪು, ಬಿಳಿ ಗೆರೆಗಳಾಗಿ ಚಿತ್ರದಲ್ಲಿ ಮೂಡುತ್ತಿದ್ದವು. ಅವುಗಳಲ್ಲಿ ಒಂದು ಗೆರೆ ನನ್ನ ಗಂಡ ಎಂದುಕೊಂಡರೆ ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು.

ಸ್ಟುಡಿಯೊ ಮಾಮ ಒಂದೊಂದಾಗಿ ತಪ್ಪು ತಿದ್ದಿದ. ಗುಂಡಿಯನ್ನು ಬೆರಳಲ್ಲಿ ಒತ್ತಬೇಡ, ರಿಮೋಟ್ ಬಳಸು. ಟ್ರೈಪಾಡಿನ ಕತ್ತನ್ನು ಪೂರ್ತಿ ಎತ್ತಬೇಡ, ಅಲ್ಲೇ ನಡುಕ ಹುಟ್ಟುವುದು. ಕಾಲುಗಳ ನಡುವೆ ಭಾರ ಕಟ್ಟು. ಅವಳು ಎಕ್ಸ್-ರೇ ಕೋಣೆಯ ಸೀಸದ ಏಪ್ರನ್ ತಂದು ಟ್ರೈಪಾಡಿಗೆ ನೇತುಹಾಕಿದಳು. ಅದನ್ನು ಕೇಳಿ ಮಾಮ ಹೊಟ್ಟೆ ಹುಣ್ಣಾಗುವಂತೆ ನಕ್ಕ. ಆದರೂ ಚಿತ್ರ ಸ್ವಲ್ಪ ಕದಡಿಯೇ ಬರುತ್ತಿತ್ತು. ಕೊನೆಗೆ ತಾರಸಿಯ ಮೇಲಿನ ನೀರಿನ ಪಂಪು ಕಳ್ಳನೆಂದು ಗೊತ್ತಾಯಿತು. ಅದು ಓಡುವಾಗ ಸಿಮೆಂಟ್ ನೆಲವೇ ಸಣ್ಣಗೆ ಗುಂಯ್‌ಗುಡುತ್ತಿತ್ತು. ಪಂಪು ನಿಂತ ಮೇಲೆ ತೆಗೆದ ಚಿತ್ರ ಸೂಜಿಮೊನೆಯಷ್ಟು ಚೂಪಾಗಿ ಬಂತು. ಡಂಪಿನ ಪಕ್ಕದ ನೀರಿನ ಟ್ಯಾಂಕಿನ ಏಣಿಯ ಮೆಟ್ಟಿಲುಗಳನ್ನು ಎಣಿಸಬಹುದಿತ್ತು.

"ಈಗ ಉಳಿದಿರೋದು ಈ ಕಾಳುಕಾಳು," ಎಂದ ಮಾಮ, ಕತ್ತಲಾಗಿರಬೇಕಾದ ಆಕಾಶದಲ್ಲಿ ಚೆಲ್ಲಿದ್ದ ಬಣ್ಣಬಣ್ಣದ ಚುಕ್ಕೆಗಳನ್ನು ತೋರಿಸುತ್ತ. "ಬೆಳಕು ಕಮ್ಮಿ ಇದ್ರೆ ಕ್ಯಾಮೆರಾ ತನಗೆ ಕಾಣದ್ದನ್ನೂ ಕಂಡಂಗೆ ಬರ್ಕೊಳ್ಳುತ್ತೆ. ಅದಕ್ಕೆ ಒಂದು ಉಪಾಯ ಇದೆ. ಟ್ರೈಪಾಡಿನ ಕಾಲು ಎಲ್ಲಿರುತ್ತೋ ಅಲ್ಲಿ ನೆಲಕ್ಕೆ ಗುರುತು ಹಾಕು. ನನ್ನ ದೊಡ್ಡ ಲೆನ್ಸ್ ಕೊಡ್ತೀನಿ. ದಿನಾ ಅದೇ ಜಾಗದಿಂದ, ಅದೇ ಹೊತ್ತಿಗೆ ಒಂದೊಂದು ತೆಗಿ. ಐದು ಚಿತ್ರ ಒಂದರ ಮೇಲೊಂದು ಕೂರಿಸಿದ್ರೆ, ನಿಜವಾಗಿ ಇರೋದು ಮಾತ್ರ ಉಳ್ಕೊಳ್ಳುತ್ತೆ. ಕಾಳು ಹೊರಟುಹೋಗುತ್ತೆ."

ಹಾಗೆಯೇ ಮಾಡಿದಳು. ಭಾನುವಾರದಿಂದ ಗುರುವಾರದವರೆಗೆ, ಐದು ರಾತ್ರಿ, ಐದು ಚಿತ್ರ. ಶುಕ್ರವಾರ ಮಧ್ಯಾಹ್ನ ಸ್ಟುಡಿಯೊಕ್ಕೆ ಹೋಗಿ ಇಬ್ಬರೂ ಪರದೆಯ ಮುಂದೆ ಕೂತರು. ಮಾಮ ಮೊದಲ ಚಿತ್ರದ ಮೇಲೆ ಎರಡನೆಯದನ್ನು ಹಾಸಿ, ನೀರಿನ ಟ್ಯಾಂಕಿಗೆ ಟ್ಯಾಂಕು ಹೊಂದಿಸಿದ. ಆಮೇಲೆ ಮೂರನೆಯದು, ನಾಲ್ಕನೆಯದು, ಐದನೆಯದು. ಆಕಾಶದ ಕಾಳೆಲ್ಲ ಕರಗಿ ಕಪ್ಪು ಮಖಮಲ್ಲಿನಂತಾಯಿತು. ಕ್ವಾರ್ಟರ್ಸಿನ ಚಾವಣಿಗಳು ಗೆರೆ ಕೊರೆದಂತೆ ನಿಂತವು.

"ಆಹಾ!" ಎಂದ ಮಾಮ. ಮರುಕ್ಷಣವೇ ಮುಖ ಗಂಟಿಕ್ಕಿತು. "ಇದ್ಯಾಕೆ ಹಿಂಗೆ?"

ಡಂಪಿನ ಅಂಚಿನ ದೀಪಗಳಲ್ಲಿ ಏಳು ದೀಪ ಒಂದೊಂದು ಚುಕ್ಕೆಯಾಗಿ ಕೂತಿದ್ದವು. ನಡುವಿನ ನಾಲ್ಕು ಮಾತ್ರ, ಎಡದಿಂದ ಐದನೆಯದರಿಂದ ಎಂಟನೆಯದರವರೆಗೆ, ಒಂದೊಂದೂ ಐದೈದು ಚುಕ್ಕೆಗಳಾಗಿದ್ದವು. ಮಣಿ ಪೋಣಿಸಿದಂತೆ, ಮೇಲಿನಿಂದ ಕೆಳಕ್ಕೆ.

"ಲೆನ್ಸಿಂದೇ ದೋಷ ಇರ್ಬೇಕು," ಎಂದ ಮಾಮ, ತನಗೇ ಹೇಳಿಕೊಳ್ಳುವಂತೆ.

ಎಕ್ಸ್-ರೇ ಕೋಣೆಯಲ್ಲಿ ಇಂಥದ್ದನ್ನು ಅವಳು ಬೇಕಾದಷ್ಟು ಸಲ ನೋಡಿದ್ದಳು. ಬೆನ್ನೆಲುಬು ಚೂಪಾಗಿ ಬಂದು ಪಕ್ಕೆಲುಬು ಮಾತ್ರ ಕದಡಿದ್ದರೆ ಅದು ಯಂತ್ರದ ತಪ್ಪಲ್ಲ. ರೋಗಿ ಉಸಿರಾಡಿದ್ದಾನೆ ಎಂದರ್ಥ. "ಮಾಮ, ಲೆನ್ಸ್ ಕೆಟ್ಟಿದ್ರೆ ಪಕ್ಕದಲ್ಲಿರೋ ಟ್ಯಾಂಕೂ ಕೆಡ್ಬೇಕಲ್ವಾ?" ಎಂದಳು. "ಕಂಬಗಳು ಇಳೀತಿವೆ. ಭಾನುವಾರದಿಂದ ಸೋಮವಾರಕ್ಕೆ ಎಷ್ಟು ಅಂತರ ಇದೆ, ಬುಧವಾರದಿಂದ ಗುರುವಾರಕ್ಕೆ ಎಷ್ಟಿದೆ, ನೋಡಿ."

ಮಾಮ ಪರದೆಯ ಮೇಲೆ ಅಳತೆಪಟ್ಟಿ ಇಟ್ಟ. ಮೊದಲ ಎರಡು ಚುಕ್ಕೆಗಳ ನಡುವೆ ಕೂದಲೆಳೆಯಷ್ಟು ಜಾಗ. ಕೊನೆಯ ಎರಡರ ನಡುವೆ ಅದರ ಮೂರರಷ್ಟು. ಅವನು ಪಟ್ಟಿಯನ್ನು ಕೆಳಗಿಟ್ಟು ಅವಳ ಮುಖ ನೋಡಿದ. "ನಿಮ್ಮನೆ ಯಾವ ಸಾಲು?"

"ಮೂರನೇದು. ನಮ್ಮ ಭಾವನ ಮನೆ ಮೊದಲನೇದು, ಗುಡ್ಡದ ಬುಡಕ್ಕೇ."

ಮನೆಗೆ ಬಂದಾಗ ಗಂಡ ಸಂಜೆಯ ನಿದ್ದೆ ಮುಗಿಸಿ ಪಾಳಿಗೆ ಹೊರಡುವುದಕ್ಕೆ ಬೂಟಿನ ಲಾಡಿ ಕಟ್ಟುತ್ತಿದ್ದ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವಳು ಮುದ್ರಿಸಿ ತಂದ ಚಿತ್ರವನ್ನು ಗಂಡನ ಮುಂದೆ ಹಿಡಿದಳು. ಅವನು ಒಂದು ಲಾಡಿ ಕಟ್ಟಿದ್ದ, ಇನ್ನೊಂದು ಕಟ್ಟಲಿಲ್ಲ.

"ಕಂಬ ಸಡಿಲ ಆಗಿರ್ಬೇಕು," ಎಂದ.

"ನಾಲ್ಕೂನಾ? ಅಕ್ಕಪಕ್ಕದ್ದೇ ನಾಲ್ಕು? ರೀ, ನನ್ ಮುಖ ನೋಡಿ ಹೇಳಿ."

ಅವನು ನೋಡಲಿಲ್ಲ. ಅತ್ತೆಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ. "ಮೇಲೆ ಬಿರುಕು ಬಿಟ್ಟಿದೆ. ಹದಿನೈದು ದಿನ ಆಯ್ತು. ಮೊದಲು ಕಾಲು ಸಿಕ್ಕಿಸೋ ಅಷ್ಟಿತ್ತು. ಈಗ ನಾವು ದಿನಾ ಒಂದೆರಡು ಗಾಡಿ ಕಲ್ಲು ಸುರಿದು ಮುಚ್ತೀವಿ. ಮಾರನೇ ದಿನ ಹೋದ್ರೆ ಮತ್ತೆ ಬಾಯಿ ತೆಗೆದಿರುತ್ತೆ."

"ಯಾರಿಗೂ ಹೇಳ್ಲಿಲ್ವಾ?"

"ಅಣ್ಣಂಗೆ ಗೊತ್ತು. ಅವ್ನೇ ಹೇಳಿದ್ದು, ಮುಚ್ಚಿ, ಬಾಯಿ ಬಿಡ್ಬೇಡಿ, ಸುಮ್ನೆ ಜನ ಗಾಬರಿ ಆಗ್ತಾರೆ ಅಂತ."

ಡಂಪಿನ ಮೇಲ್ವಿಚಾರಕ ಅವಳ ಭಾವನೇ, ಗಂಡನ ಒಡಹುಟ್ಟಿದ ಅಣ್ಣ. ಹದಿನೈದು ದಿನದಿಂದ ಅಣ್ಣತಮ್ಮ ಇಬ್ಬರೂ ಆ ಬಿರುಕಿನ ಕೆಳಗೇ ಉಂಡು, ಮಲಗಿ, ಏಳುತ್ತಿದ್ದರು. "ನೀವು ನಂಗೂ ಹೇಳ್ಲಿಲ್ಲ," ಎಂದಳು.

"ಹೇಳಿದ್ರೆ ನಿದ್ದೆ ಮಾಡ್ತಿದ್ಯಾ?"

"ಇವತ್ತು ಮೇಲೆ ಹೋಗ್ಬೇಡಿ."

"ಹೋಗ್ಲಿಲ್ಲ ಅಂದ್ರೆ ಬೇರೆಯವನ್ನ ಕಳಿಸ್ತಾರೆ. ಅವನಿಗೂ ಮನೇಲಿ ಜನ ಇಲ್ವಾ?" ಅವನು ಎರಡನೆಯ ಲಾಡಿ ಕಟ್ಟಿಕೊಂಡು ಎದ್ದ.

ಮಂಚದಿಂದ ಅತ್ತೆ, "ಗಂಡಹೆಂಡ್ತಿ ಏನದು ಪಿಸಿಪಿಸಿ? ನನ್ನ ಮಂಡಿ ಕೆಟ್ಟಿದೆ, ಕಿವಿ ಕೆಟ್ಟಿಲ್ಲ," ಎಂದರು.

ಗಂಡ ಹೋದ ಮೇಲೆ ಅವಳು ಸೀದಾ ಭಾವನ ಮನೆಗೆ ನಡೆದಳು. ಮೊದಲ ಸಾಲಿನಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ. ಡಂಪಿನ ನೆರಳು ನಾಲ್ಕು ಗಂಟೆಗೇ ಚಾವಣಿಗಳ ಮೇಲೆ ಬೀಳುತ್ತದೆ. ಹಿತ್ತಿಲ ಗೋಡೆಯ ಆಚೆ ಗುಡ್ಡ. ಗೋಡೆ ಸ್ವಲ್ಪ ಮುಂದಕ್ಕೆ ಹೊಟ್ಟೆ ಬಿಟ್ಟಂತೆ ಅವಳಿಗೆ ಕಂಡಿತು. ಮುಂಚೆಯೂ ಹೀಗೇ ಇತ್ತೇ, ಈಗ ತನಗೆ ಹಾಗೆ ಕಾಣುತ್ತಿದೆಯೇ, ತಿಳಿಯಲಿಲ್ಲ.

ಭಾವ ಚಿತ್ರವನ್ನು ಕೈಗೆ ತೆಗೆದುಕೊಂಡು ದೀಪದ ಕೆಳಗೆ ಹಿಡಿದ. ನಕ್ಕ. "ಎಕ್ಸ್-ರೇ ತೆಗೆಯೋಳಿಗೆ ಗುಡ್ಡಾನೂ ರೋಗಿ ತರ ಕಾಣ್ಸುತ್ತೆ, ನೋಡು," ಎಂದು ಒಳಗಿದ್ದ ಹೆಂಡತಿಗೆ ಕೇಳುವಂತೆ ಹೇಳಿದ. ಓರಗಿತ್ತಿ ಅಡುಗೆಮನೆಯಿಂದಲೇ ನಕ್ಕಳು. ಆಮೇಲೆ ಭಾವ ಬಾಗಿಲು ಮುಂದೆ ಮಾಡಿದ. ನಗು ಮುಖದಿಂದ ಇಳಿದುಹೋಯಿತು.

"ಇದನ್ನ ಇನ್ನು ಯಾರಿಗೆ ತೋರಿಸಿದ್ದೀಯಮ್ಮ?"

"ಸ್ಟುಡಿಯೊ ಮಾಮಂಗೆ. ಇವ್ರಿಗೆ."

"ಅಷ್ಟಕ್ಕೇ ನಿಲ್ಸು. ಸೋಮವಾರ ದೊಡ್ಡ ಇಂಜಿನಿಯರ್ ಬರ್ತಿದಾರೆ, ನೋಡ್ತಾರೆ. ಅವ್ರು ಏನು ಹೇಳ್ತಾರೋ ಹಂಗೆ ಮಾಡೋಣ. ಈಗ ನೀನು ಬೀದಿಗೆ ಹೋಗಿ ಕೂಗಾಡಿದ್ರೆ, ಏನೂ ಆಗ್ಲಿಲ್ಲ ಅಂದ್ರೆ, ನನ್ನ ಕೆಲಸಾನೂ ಹೋಗುತ್ತೆ, ನಿನ್ನ ಗಂಡಂದೂ ಹೋಗುತ್ತೆ."

"ಏನಾದ್ರೂ ಆದ್ರೆ, ಭಾವ?"

ಅವನು ಚಿತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಹಿತ್ತಿಲ ಗೋಡೆಯ ಕಡೆ ಒಮ್ಮೆ ನೋಡಿದ. ಅದನ್ನು ಕಂಡೇ ಅವಳಿಗೆ ನಿಜವಾದ ಭಯ ಹುಟ್ಟಿದ್ದು. ಅಲ್ಲಿಯವರೆಗೆ, ಬಯ್ಯುತ್ತಾನೆ, ಏನೂ ಇಲ್ಲ ಹೋಗು ಅನ್ನುತ್ತಾನೆ, ತಾನು ತಪ್ಪು ತಿಳಿದಿರುತ್ತೇನೆ ಎಂಬ ಆಸೆ ಅವಳಲ್ಲಿ ಎಲ್ಲೋ ಉಳಿದಿತ್ತು.

ಅಂದು ರಾತ್ರಿ ಒಂದೂಕಾಲಿಗೆ ಅವಳು ತಾರಸಿ ಹತ್ತಿದಳು. ಗಾಳಿ ಒಂದಿಷ್ಟೂ ಇರಲಿಲ್ಲ. ಪಂಪು ನಿಂತಿತ್ತು. ನೆಲದ ಗುರುತುಗಳ ಮೇಲೆ ಟ್ರೈಪಾಡಿನ ಕಾಲು ಊರಿ, ಏಪ್ರನ್ ನೇತುಹಾಕಿ, ಎಂಟು ನಿಮಿಷಕ್ಕೆ ಶಟರ್ ತೆರೆದಳು.

ಎದುರಿಗೆ ಹನ್ನೊಂದು ದೀಪ ಎಂದಿನಂತೆ ಉರಿಯುತ್ತಿದ್ದವು. ಕಣ್ಣಿಗೆ ಏನೂ ಕಾಣುವಂತಿರಲಿಲ್ಲ. ಒಂದು ಟಿಪ್ಪರ್ ಆರನೆಯ ದೀಪದ ಹತ್ತಿರ ಬಂತು, ಬೆನ್ನು ತಿರುಗಿಸಿತು, ಹೋಯಿತು. ಅದು ತನ್ನ ಗಂಡನದೋ ಬೇರೆಯವನದೋ ಎಂದು ಇಲ್ಲಿಂದ ಹೇಳಲು ಬರುತ್ತಿರಲಿಲ್ಲ. ಅವಳು ಟ್ರೈಪಾಡಿನಿಂದ ಎರಡು ಮಾರು ದೂರ ನಿಂತಳು. ತನ್ನ ಎದೆಬಡಿತಕ್ಕೇ ನೆಲ ಅದುರಿ ಚಿತ್ರ ಕೆಡುವುದೇನೋ ಎಂದು ಹೆದರಿಕೆಯಾಯಿತು.

ಶಟರ್ ಮುಚ್ಚಿತು. ಪರದೆ ಮಾತ್ರ ಬೆಳಗಲಿಲ್ಲ. ಕಾಳು ಕಳೆಯಲೆಂದು ಮಾಮ ಕ್ಯಾಮೆರಾದಲ್ಲಿ ಒಂದು ಏರ್ಪಾಡು ಮಾಡಿಟ್ಟಿದ್ದ: ಎಷ್ಟು ಹೊತ್ತು ಶಟರ್ ತೆರೆದಿತ್ತೋ ಅಷ್ಟೇ ಹೊತ್ತು ಕ್ಯಾಮೆರಾ ಕಣ್ಣು ಮುಚ್ಚಿಕೊಂಡು ಬರಿಯ ಕತ್ತಲನ್ನು ಮತ್ತೊಮ್ಮೆ ದಾಖಲಿಸಿ, ಅದನ್ನು ಚಿತ್ರದಿಂದ ಕಳೆಯುತ್ತದೆ. ಅದನ್ನು ಇಂದು ತೆಗೆದುಬಿಡಬೇಕೆಂದು ಅವಳಿಗೆ ನೆನಪಾಗಿರಲಿಲ್ಲ. ಈಗ ಇನ್ನೂ ಎಂಟು ನಿಮಿಷ. ನಡುವೆ ನಿಲ್ಲಿಸಿದರೆ ಚಿತ್ರವೇ ಸಿಗುವುದಿಲ್ಲ.

ಆ ಎಂಟು ನಿಮಿಷವನ್ನು ಅವಳು ತಾರಸಿಯ ಮೋಟುಗೋಡೆ ಹಿಡಿದು ಕಳೆದಳು. ಎಲ್ಲೋ ಒಂದು ಸದ್ದು ಕೇಳಿತು. ಯಾರೋ ಬಹಳ ದೂರದಲ್ಲಿ ಮೂಟೆ ಎಳೆದಂತೆ. ನಿಂತಿತು. ಮತ್ತೆ ಕೇಳಿತು. ಕ್ವಾರ್ಟರ್ಸಿನಲ್ಲಿ ನಾಯಿಗಳೆಲ್ಲ ಒಂದೇ ಸಲ ಬೊಗಳಿ, ಒಂದೇ ಸಲ ಸುಮ್ಮನಾದವು.

ಪರದೆ ಬೆಳಗಿತು. ಅವಳು ಬಗ್ಗಿ, ಡಂಪಿನ ಅಂಚನ್ನು ದೊಡ್ಡದು ಮಾಡಿದಳು. ಟ್ಯಾಂಕು ಚೂಪಾಗಿತ್ತು. ನಾಲ್ಕನೆಯ ದೀಪ ಚೂಪಾಗಿತ್ತು, ಒಂಬತ್ತನೆಯದೂ ಸಹ. ನಡುವಿನ ನಾಲ್ಕಕ್ಕೂ ಬಾಲ ಮೂಡಿತ್ತು. ಐದು ರಾತ್ರಿ ಸೇರಿ ಇಳಿದಷ್ಟನ್ನು ಅವು ಈ ಎಂಟೇ ನಿಮಿಷದಲ್ಲಿ ಇಳಿದಿದ್ದವು.

ಮೆಟ್ಟಿಲು ಇಳಿಯುತ್ತಲೇ ಅವಳು ಫೋನ್ ತೆಗೆದಳು. ಗಂಡನಿಗೆ ಮಾಡಿ ಪ್ರಯೋಜನವಿರಲಿಲ್ಲ. ಚಾಲಕರು ಪಾಳಿ ಮುಗಿಯುವವರೆಗೆ ಫೋನನ್ನು ಗೇಟಿನಲ್ಲೇ ಬಿಡಬೇಕು. ಭಾವನಿಗೆ ಮಾಡಿದಳು. ಎರಡನೆಯ ಗಂಟೆಗೇ ಎತ್ತಿದ. ಮಲಗಿದ್ದವನ ದನಿಯಲ್ಲ ಅದು.

"ಭಾವ, ದೀಪ ಓಡ್ತಿವೆ. ಎಂಟು ನಿಮಿಷಕ್ಕೆ ಐದು ದಿನದಷ್ಟು."

"ಯಾವ್ದು? ಆರಾ, ಏಳಾ?"

"ಐದರಿಂದ ಎಂಟು. ನಾಲ್ಕೂ."

"ನಾನು ಮೇಲೆ ಹೋಗ್ತೀನಿ," ಎಂದ. "ಗಾಡಿಗಳನ್ನ ಹಿಂದಿನ ದಾರೀಲಿ ಇಳಿಸ್ಬೇಕು. ನಾನು ಹೇಳದೆ ಅವ್ರು ಇಳಿಯಲ್ಲ. ನಿಮ್ಮಕ್ಕನ್ನ ಎಬ್ಬಿಸಿ ಹೊರಗೆ ಕಳಿಸ್ತೀನಿ. ಉಳಿದೋರನ್ನ… ಉಳಿದೋರನ್ನ ನೀನು ನೋಡ್ಕೋ."

ಆಂಬುಲೆನ್ಸ್ ಚಾಲಕ ಗಾಡಿಯಲ್ಲೇ ಮಲಗಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ಎಲ್ಲರೂ ಅವನನ್ನು ಮೌನಿ ಎನ್ನುತ್ತಿದ್ದರು. ಅವಳು ಗಾಜು ಬಡಿದು, "ಡಂಪ್ ಬೀಳುತ್ತೆ, ಸೈರನ್ ಹಾಕ್ಕೊಂಡು ಕ್ವಾರ್ಟರ್ಸಿಗೆ ನಡೀರಿ," ಎಂದಾಗ ಅವನು ಏನನ್ನೂ ಕೇಳಲಿಲ್ಲ. ಗಾಡಿ ಚಾಲೂ ಮಾಡಿದ.

ಮೊದಲ ಸಾಲಿನ ಬಾಯಲ್ಲಿ ಗಾಡಿ ನಿಂತಾಗ ನಾಲ್ಕೈದು ಬಾಗಿಲು ತೆರೆದವು. ಜನ ಕಣ್ಣುಜ್ಜುತ್ತ ಹೊರಗೆ ಬಂದರು. "ಯಾರಿಗೇನಾಯ್ತು, ಎಕ್ಸ್-ರೇ ಅಕ್ಕ?" ಎಂದ ಒಬ್ಬ.

"ಗುಡ್ಡ ಜಾರ್ತಿದೆ. ಎಲ್ರೂ ಆಸ್ಪತ್ರೆ ಅಂಗಳಕ್ಕೆ ಹೋಗಿ. ಈಗ್ಲೇ!"

ಅವನು ತಲೆಯೆತ್ತಿ ಡಂಪನ್ನು ನೋಡಿದ. ತಾನು ಹುಟ್ಟಿದಾಗಿನಿಂದ ನೋಡಿದ ಗುಡ್ಡ, ಅಲ್ಲೇ ನಿಂತಿತ್ತು. ದೀಪಗಳು ಉರಿಯುತ್ತಿದ್ದವು. "ಯಾರು ಹೇಳಿದ್ರು?"

"ನಾನು ಫೋಟೋ ತೆಗೆದೆ…"

"ಫೋಟೋನಾ?" ಯಾರೋ ಆಕಳಿಸಿದರು. ಒಂದು ಬಾಗಿಲು ಮುಚ್ಚಿತು. ವಿವರಿಸುವುದಕ್ಕೆ ಹೊತ್ತಿರಲಿಲ್ಲ. ತಾನು ಏನು ಹೇಳುತ್ತಿದ್ದೇನೆಂದು ಯೋಚಿಸುವ ಮೊದಲೇ ಬಾಯಿಯಿಂದ ಹೊರಬಿತ್ತು.

"ಗ್ಯಾಸ್! ಗಣಿಯಿಂದ ಗ್ಯಾಸ್ ಸೋರ್ತಿದೆ! ಉಸಿರು ಕಟ್ಟಿ ಸಾಯ್ತೀರಿ, ಓಡಿ!"

ಈ ಮಾತು ಎಲ್ಲರಿಗೂ ಅರ್ಥವಾಯಿತು. ಮುಚ್ಚಿದ ಬಾಗಿಲು ಮತ್ತೆ ತೆರೆಯಿತು. ಗ್ಯಾಸ್ ಎಂಬ ಕೂಗು ಅವಳಿಗಿಂತ ಮುಂದೆ ಓಡತೊಡಗಿತು. ಸಾಲಿನಿಂದ ಸಾಲಿಗೆ ಜನರೇ ಕೂಗಿಕೊಂಡು ಬಾಗಿಲು ಬಡಿದರು. ಮಕ್ಕಳನ್ನು ಹೆಗಲಿಗೇರಿಸಿ, ಒದ್ದೆ ಬಟ್ಟೆ ಮೂಗಿಗೆ ಒತ್ತಿಕೊಂಡು ಮೇಲಿನ ರಸ್ತೆಗೆ ಓಡಿದರು. ಓರಗಿತ್ತಿ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡುತ್ತ, "ಇವ್ರು ಮೇಲೆ ಹೋದ್ರು ಕಣೇ, ಇವ್ರು ಮೇಲೆ ಹೋದ್ರು," ಎಂದು ಅಳುತ್ತಿದ್ದಳು.

ಎರಡನೆಯ ಸಾಲಿನ ಕೊನೆಯಲ್ಲಿ ದರ್ಜಿಯ ಮನೆ. ಶಾಲೆ ತೆರೆಯುವ ಕಾಲವಾದ್ದರಿಂದ ಅವನು ಆ ಹೊತ್ತಿಗೂ ಮಿಷನ್ನಿನ ಮುಂದೆ ಕೂತಿದ್ದ. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅವಳು ಕೂಗಿದ ಕೂಡಲೇ ಎದ್ದು, ಹೆಂಡತಿಯನ್ನು ಎಬ್ಬಿಸಿ, ಕೈಹಿಡಿದು ಹೊರಗೆ ಕರೆತಂದ. "ನೀನು ಮುಂದೆ ಹೋಗಮ್ಮ, ನಾವು ಬಂದ್ವಿ," ಎಂದ. ಅವರಿಬ್ಬರೂ ರಸ್ತೆ ಹತ್ತುವುದನ್ನು ಅವಳು ಕಣ್ಣಾರೆ ನೋಡಿದಳು.

ಮನೆಯಲ್ಲಿ ಅತ್ತೆ ಆಗಲೇ ಎದ್ದು ಕೂತಿದ್ದರು. "ಗ್ಯಾಸ್ ಅಂತೆ? ನಲವತ್ತು ವರ್ಷದಲ್ಲಿ ಈ ಗಣಿಯಲ್ಲಿ ಗ್ಯಾಸ್ ಅನ್ನೋದನ್ನ ನಾನು ಕೇಳಿಲ್ಲ. ನಿಜ ಹೇಳು."

"ಗುಡ್ಡ ಬೀಳುತ್ತೆ ಅತ್ತೆ."

ಅತ್ತೆ ಎರಡು ಕೈ ಮುಂದೆ ಚಾಚಿದರು. "ಎತ್ತು ನನ್ನ," ಎಂದರು. ಮೌನಿ ಬಂದು ಅವರನ್ನು ಮಗುವಿನಂತೆ ಎತ್ತಿಕೊಂಡು ಗಾಡಿಯಲ್ಲಿ ಮಲಗಿಸಿದ. ಮತ್ತೆರಡು ಸಲ ಕೆಳಗೆ ಬಂದು ನಡೆಯಲಾಗದವರನ್ನೆಲ್ಲ ತುಂಬಿಕೊಂಡು ಹೋದ.

ಆಸ್ಪತ್ರೆಯ ಅಂಗಳದಲ್ಲಿ ನರ್ಸ್ ಸಾಲುಸಾಲಾಗಿ ಕೂರಿಸಿ ಮನೆಮನೆಯ ಲೆಕ್ಕ ಕೇಳುತ್ತಿದ್ದಳು. ಮೂಗು ಅರಳಿಸಿ ವಾಸನೆ ನೋಡಿ, "ಏನೂ ಬರ್ತಿಲ್ವಲ್ಲ," ಎನ್ನುವವರು ಶುರುವಾಗಿದ್ದರು. ಅವಳು ಒಬ್ಬೊಬ್ಬರನ್ನೂ ಮುಟ್ಟಿ ಮುಟ್ಟಿ ಎಣಿಸುತ್ತ ಬಂದಳು. ದರ್ಜಿಯ ಹೆಂಡತಿ ಒಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು.

"ಅಣ್ಣ ಎಲ್ಲಿ?"

"ಈಗ ಬರ್ತಾರೆ. ಸಿಲಿಂಡರ್ ಬಂದ್ ಮಾಡದೇ ಬಂದ್ಬಿಟ್ವಿ ಅಂತ ಅರ್ಧ ದಾರಿಯಿಂದ ವಾಪಸ್ ಹೋದ್ರು. ಗ್ಯಾಸ್ ಅಂದ್ರಲ್ಲ, ಬೆಂಕಿ ಹತ್ಕೊಂಡ್ರೆ ಸಾಲೇ ಹೊತ್ತಿಹೋಗುತ್ತೆ ಅಂತ."

ಅವಳು ಓಡಿದಳು. ಗೇಟಿನ ಹತ್ತಿರ ಮೌನಿ ಅವಳ ರಟ್ಟೆ ಹಿಡಿದು ನಿಲ್ಲಿಸಿದ. ಬಿಡಿಸಿಕೊಳ್ಳಲು ಅವನ ಕೈ ಪರಚಿದಳು, ಕಚ್ಚಿದಳು, ಅವನು ಬಿಡಲಿಲ್ಲ. "ನೋಡಿ," ಎಂದ, ಒಂದೇ ಮಾತು.

ಡಂಪಿನ ಮೇಲೆ ಆರನೆಯ ದೀಪ ಆರಿತು. ಏಳನೆಯದು ಆರಿತು. ಐದು, ಎಂಟು. ಉಳಿದವು ಒಂದು ಸಲ ಮಿಣುಕಿ ಎಲ್ಲವೂ ಒಟ್ಟಿಗೆ ಹೋದವು. ಕತ್ತಲಲ್ಲಿ ಮೊದಲು ಸದ್ದೇ ಇರಲಿಲ್ಲ. ಆಮೇಲೆ ಬಂತು. ಅದು ಕಿವಿಗೆ ಕೇಳಿಸುವ ಮೊದಲು ಅಂಗಾಲಿಗೆ ತಿಳಿಯಿತು. ಮೇಲಿನಿಂದ ಗಾಳಿಯೊಂದು ನುಗ್ಗಿ ಬಂದು ಎಲ್ಲರ ಬಾಯಲ್ಲೂ ಮಣ್ಣು ತುಂಬಿತು. ಕ್ವಾರ್ಟರ್ಸಿನ ಕಿಟಕಿಗಳ ಬೆಳಕು ಒಂದು ಸಾಲು, ಎರಡು ಸಾಲು, ಮೂರು ಸಾಲು ಕಣ್ಣೆದುರೇ ಒರೆಸಿಹೋಯಿತು. ಅಂಗಳದಲ್ಲಿ ಯಾರೂ ಕೂಗಲಿಲ್ಲ. ಕೂಗು ಬಹಳ ಹೊತ್ತಾದ ಮೇಲೆ ಶುರುವಾಯಿತು.

ಬೆಳಕು ಹರಿಯುವವರೆಗೆ ಗಂಡನ ಸುದ್ದಿ ತಿಳಿಯಲಿಲ್ಲ. ಅಷ್ಟೂ ಹೊತ್ತು ಅವಳು ಮುರಿದ ಕೈ, ಉಳುಕಿದ ಕಾಲುಗಳ ಎಕ್ಸ್-ರೇ ತೆಗೆಯುತ್ತ ಇದ್ದಳು. ಓಡುವಾಗ ಬಿದ್ದವರು ಬಹಳ ಮಂದಿ. ಹೊರಗೆ ಹೆಜ್ಜೆಸದ್ದಾದರೆ ಸಾಕು, ಅವಳ ಕೈ ಗುಂಡಿಯ ಮೇಲೆ ಹಾಗೇ ನಿಂತುಬಿಡುತ್ತಿತ್ತು. ಆರೂವರೆಗೆ ಅವನು ಬಾಗಿಲಲ್ಲಿ ಬಂದು ನಿಂತ. ತಲೆಯಿಂದ ಕಾಲಿನವರೆಗೆ ಬೂದಿಬಣ್ಣ, ಕಣ್ಣು ಮಾತ್ರ ಕೆಂಪು. ಹಿಂದೆಯೇ ಭಾವ. ಭಾವ ಮೇಲೆ ಹೋಗಿ ಒಂಬತ್ತು ಗಾಡಿಗಳನ್ನು ಹಿಂದಿನ ದಾರಿಗೆ ತಿರುಗಿಸಿದ್ದ. ಕೊನೆಯ ಗಾಡಿಯ ಹಿಂದಿನ ಚಕ್ರದ ಕೆಳಗಿನಿಂದಲೇ ನೆಲ ಹೋಗಿತ್ತು. ಅವಳು ಗಂಡನ ಅಂಗಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಬಿಡಲು ಬಹಳ ಹೊತ್ತು ಹಿಡಿಯಿತು.

ಮೂರು ಸಾಲಿನ ಐವತ್ತೆಂಟು ಮನೆಗಳು ಮಣ್ಣಾಗಿದ್ದವು. ಸತ್ತವನು ಒಬ್ಬ. ದರ್ಜಿಯನ್ನು ಹೊರಗೆ ತೆಗೆಯಲು ನಾಲ್ಕು ದಿನ ಬೇಕಾಯಿತು.

ಊರೆಲ್ಲ ಅವಳನ್ನು ಹೊಗಳಿತು. ಹೊಗಳುವವರು ಬಂದಾಗಲೆಲ್ಲ ಅವಳು ಒಳಗೆ ಹೋಗಿ ಕೂರುತ್ತಿದ್ದಳು. ಆಸ್ಪತ್ರೆಯ ಹಿಂದಿನ ಎರಡು ಕೋಣೆ ಅವರಿಗೆ ಸಿಕ್ಕಿದ್ದವು. ರಾತ್ರಿ ಯಾರಾದರೂ ಪಾತ್ರೆ ಎಳೆದರೂ ಎದ್ದು ಕೂರುತ್ತಿದ್ದಳು. ಕಣ್ಣು ಮುಚ್ಚಿದರೆ, ಕತ್ತಿನಲ್ಲಿ ಟೇಪು ಹಾಕಿಕೊಂಡ ಮನುಷ್ಯ ಇಳಿಜಾರಿನಲ್ಲಿ ಕೆಳಗೆ ಹೋಗುತ್ತಿರುವುದು ಕಾಣುತ್ತಿತ್ತು. ಗಂಡ, "ನೀನು ಗ್ಯಾಸ್ ಅನ್ನದೇ ಇದ್ದಿದ್ರೆ ಇನ್ನೂರು ಜನ ಹೋಗ್ತಿದ್ರು ಕಣೇ," ಎನ್ನುತ್ತಿದ್ದ. ಅದು ಲೆಕ್ಕಕ್ಕೆ ಸರಿ. ನಿದ್ದೆಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ತನಿಖೆಗೆ ಒಬ್ಬ ಅಧಿಕಾರಿ ಬಂದ. ಭಾವ ಅವನ ಮುಂದೆ, ಬಿರುಕು ಆ ರಾತ್ರಿಯೇ ಕಂಡದ್ದೆಂದೂ, ಕಂಡ ಕೂಡಲೇ ಗ್ಯಾಸ್ ಎಂದು ಕೂಗಿಸಿ ಜನರನ್ನು ಖಾಲಿ ಮಾಡಿಸಿದ್ದು ತಾನೇ ಎಂದೂ ಬರೆಸಿದ. ಆ ಸುದ್ದಿ ಮನೆಗೆ ಬಂದ ದಿನ ಅತ್ತೆ ಊಟ ಮಾಡಲಿಲ್ಲ. ಗಂಡ ಗೋಡೆಗೆ ಒರಗಿ ಕೂತ. "ನಿಜ ಹೇಳಿದ್ರೆ ಅಣ್ಣ ಜೈಲಿಗೆ ಹೋಗ್ತಾನೆ. ನಾನೂ ಹೋಗ್ಬಹುದು. ಮುಚ್ಚಿದ ಕೈ ನಂದೂ ಇದೆ," ಎಂದ.

ಮಾರನೆಯ ದಿನ ಅವಳು ದರ್ಜಿಯ ಹೆಂಡತಿಯನ್ನು ನೋಡಲು ಹೋದಳು. ಆಕೆ ಶಾಲೆಯ ಒಂದು ಕೋಣೆಯಲ್ಲಿ, ಬೇರೆ ಮೂರು ಸಂಸಾರಗಳ ಜೊತೆ ಇದ್ದಳು. ಯಾರೋ ಕೊಟ್ಟ ಹಳೆಯ ಮಿಷನ್ ಮುಂದಿಟ್ಟುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಅಕ್ಕ, ಆ ರಾತ್ರಿ ಗ್ಯಾಸ್ ಇರ್ಲಿಲ್ಲ. ಗುಡ್ಡ ಅಂದ್ರೆ ಯಾರೂ ಏಳ್ಲಿಲ್ಲ. ಅದಕ್ಕೆ ನಾನು ಸುಳ್ಳು ಹೇಳ್ದೆ. ಯಾರೂ ಹೇಳಿಸಿದ್ದಲ್ಲ, ನಾನೇ."

ದರ್ಜಿಯ ಹೆಂಡತಿ ದಾರದ ತುದಿಯನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿದಳು. ಪೋಣಿಸಿದಳು.

"ಇದನ್ನ ನಂಗೆ ಯಾಕೆ ಹೇಳ್ದೆ?" ಎಂದಳು ಕೊನೆಗೆ. "ಸಾಲು ಉಳಿಸೋಕೆ ಹೋಗಿ ಸತ್ರು ಅಂತ ಅಂದ್ಕೊಂಡಿದ್ದೆ. ಈಗ ಏನಂತ ಅಂದ್ಕೊಳ್ಲಿ? ನಿಂಗೆ ಭಾರ ಇಳೀತು. ನಂಗೆ ಬಂತು."

ಅವಳು ತಲೆತಗ್ಗಿಸಿ ಕೂತಳು.

"ಹೋಗು," ಎಂದಳು ದರ್ಜಿಯ ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಬಿರುಕು ಇದ್ದದ್ದು ಎಷ್ಟು ದಿನದಿಂದ ಅಂತ ನಿಂಗೆ ಗೊತ್ತಂತೆ, ಜನ ಆಡ್ಕೋತಾರೆ. ಅದನ್ನ ಹೇಳ್ಬೇಕಾದ ಕಡೆ ಹೋಗಿ ಹೇಳು."

ಅಂದು ಮಧ್ಯಾಹ್ನವೇ ಅವಳು ಅಧಿಕಾರಿಯ ಮುಂದೆ ಕೂತಳು. ಆರೂ ರಾತ್ರಿಯ ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಹರವಿದಳು. ಬಾಗಿಲಾಚೆ ಗಂಡ ನಿಂತಿದ್ದ. ಬರುವುದಿಲ್ಲ ಎಂದವನು ಹಿಂದೆಯೇ ಬಂದಿದ್ದ. ಹದಿನೈದು ದಿನದ ವಿಷಯ ಬಂದಾಗ ಒಳಗೆ ಬಂದು, "ಅದನ್ನ ನಾನು ಹೇಳ್ತೀನಿ ಸಾರ್," ಎಂದು ಪಕ್ಕದ ಕುರ್ಚಿ ಎಳೆದುಕೊಂಡ. ಗ್ಯಾಸ್ ಎಂದು ಕೂಗಿದ್ದು ಯಾರೆಂದು ಅಧಿಕಾರಿ ಕೇಳಿದಾಗ ಅವಳು, "ನಾನು. ಅದನ್ನೂ ಬರ್ಕೊಳ್ಳಿ," ಎಂದಳು.

ಭಾವನ ಕೆಲಸ ಹೋಯಿತು; ಮೊಕದ್ದಮೆ ಇನ್ನೂ ನಡೆಯುತ್ತಿದೆ. ಗಂಡನನ್ನು ಆರು ತಿಂಗಳು ಮನೆಯಲ್ಲಿ ಕೂರಿಸಿ ಆಮೇಲೆ ಬೇರೆ ಗಣಿಗೆ ಹಾಕಿದರು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಅತ್ತೆ ಹದಿನೈದು ದಿನ ಈ ಮಗನ ಹತ್ತಿರ, ಹದಿನೈದು ದಿನ ಆ ಮಗನ ಹತ್ತಿರ ಇರುತ್ತಾರೆ. ಬ್ಯಾಗನ್ನು ಅವರು ಪೂರ್ತಿ ಬಿಚ್ಚುವುದೇ ಇಲ್ಲ. ಬಂದ ದಿನ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಅವ್ನು ಚೆನ್ನಾಗಿದಾನೆ, ಕೇಳ್ಲಿಲ್ಲ ನೀವು," ಎಂದು ಗೋಡೆಗೆ ಹೇಳುವಂತೆ ಹೇಳುತ್ತಾರೆ. ಗಂಡ ಪೇಪರ್ ಓದುತ್ತಲೇ ಇರುತ್ತಾನೆ. ಅವಳು ಮಾತ್ರ ಒಲೆಯ ಮುಂದಿನಿಂದ ತಿರುಗಿ, "ಅಕ್ಕ ಹೇಗಿದಾರೆ ಅತ್ತೆ?" ಎಂದು ಓರಗಿತ್ತಿಯನ್ನು ವಿಚಾರಿಸುತ್ತಾಳೆ.